ಸೂಲಗಿತ್ತಿಯ ಎರಡನೇ ಚೀಲ: ಅಮೆರಿಕದ ಡೌಲಾ ತರಬೇತಿಯ ಹಿಂದಿನ ಕಥೆ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಸುಮಾರು 1930–40ರ ದಶಕಗಳಲ್ಲಿ, ಕಪ್ಪು ಸೂಲಗಿತ್ತಿಯರು ಆಗಾಗ ಆರೋಗ್ಯ ಇಲಾಖೆಯ ಕ್ಲಾಸಿಗೆ ಹೋಗಬೇಕಿತ್ತು. ಅಲ್ಲಿ ನರ್ಸ್ ಅವರ ಚೀಲ ಬಿಚ್ಚಿಸಿ ನೋಡುತ್ತಿದ್ದಳು. ಕತ್ತರಿ ಕುದಿಸಿದ್ದಾ? ಹೊಕ್ಕುಳಬಳ್ಳಿ ಕಟ್ಟುವ ಪಟ್ಟಿ ಇದೆಯಾ? ಮಗುವಿನ ಕಣ್ಣಿಗೆ ಹಾಕುವ ಸಿಲ್ವರ್ ನೈಟ್ರೇಟ್ ಹನಿ, ಒಗೆದ ಬಿಳಿ ಏಪ್ರನ್, ಜನನ ನೋಂದಣಿಯ ಫಾರಂ, ಎಲ್ಲ ಸರಿಯಾಗಿದೆಯಾ? ಬೇರು-ಸೊಪ್ಪಿನ ಮದ್ದೇನಾದರೂ ಸಿಕ್ಕಿದರೆ ಹೆರಿಗೆ ಮಾಡಿಸೋ ಪರ್ಮಿಟ್ಟಿಗೇ ಕುತ್ತು. ಹಾಗಾಗಿ ಕೆಲವರು ಎರಡು ಚೀಲ ಇಟ್ಟುಕೊಂಡಿದ್ದರು. ಒಂದು ನರ್ಸಿಗೆ ತೋರಿಸೋಕೆ, ಇನ್ನೊಂದು ಹೆರಿಗೆಗೆ ಒಯ್ಯೋಕೆ.

ಇದನ್ನೂ ಆಗ ತರಬೇತಿ ಅಂತಲೇ ಕರೆಯುತ್ತಿದ್ದರು. ಈಗ ಅದೇ ದೇಶದಲ್ಲಿ ಹೆರಿಗೆಗೆ ಜೊತೆಯಾಗುವ ಸಮುದಾಯದ ಹೆಂಗಸರಿಗೆ, ಅಂದರೆ ಡೌಲಾಗಳಿಗೆ, ನ್ಯಾಯದ ಹೆಸರಲ್ಲಿ ತರಬೇತಿ ನಡೀತಿದೆ. ಒಳ್ಳೆಯದೇ. ಆದರೆ ಕಲಿಸೋರು ಯಾರು, ಸರ್ಟಿಫಿಕೇಟ್ ಕೊಡೋರು ಯಾರು ಅಂತ ಆ ಹೆಂಗಸರು ಯಾಕೆ ಅಷ್ಟು ಕೆದಕುತ್ತಾರೆ ಅನ್ನೋದು ಆ ಎರಡನೇ ಚೀಲ ನೆನಪಿದ್ದರೆ ಮಾತ್ರ ಅರ್ಥ ಆಗುತ್ತದೆ.

1900ರಲ್ಲಿ ಅಮೆರಿಕದ ಹೆಚ್ಚುಕಮ್ಮಿ ಅರ್ಧ ಹೆರಿಗೆಗಳನ್ನು ಸೂಲಗಿತ್ತಿಯರೇ ಮಾಡಿಸುತ್ತಿದ್ದರು. ಮುಂದಿನ ಹತ್ತು-ಹನ್ನೆರಡು ವರ್ಷಗಳಲ್ಲಿ ಡಾಕ್ಟರುಗಳು ಅವರನ್ನು ಒಂದು 'ಸಮಸ್ಯೆ' ಅನ್ನತೊಡಗಿದರು. 1912ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಪ್ರೊಫೆಸರ್ ವಿಟ್ರಿಜ್ ವಿಲಿಯಮ್ಸ್ ದೇಶದ ಮೆಡಿಕಲ್ ಕಾಲೇಜುಗಳನ್ನೇ ವಿಚಾರಿಸಿ ಬರೆದ ವರದಿ ಓದಿದರೆ ನಗು ಬರುತ್ತದೆ. ಹೆರಿಗೆ ಪಾಠ ಎಷ್ಟು ಕೆಟ್ಟದಾಗಿತ್ತೆಂದರೆ ಕೆಲವು ಪ್ರೊಫೆಸರುಗಳಿಗೇ ಸರಿಯಾದ ಅನುಭವ ಇರಲಿಲ್ಲ. ಆದರೂ ವಿಲಿಯಮ್ಸ್ ಕೊಟ್ಟ ಪರಿಹಾರ ಏನು? ಹೆರಿಗೆಗಳು ಆಸ್ಪತ್ರೆಗೆ ಬರಲಿ, ಸೂಲಗಿತ್ತಿಯರು ನಿಧಾನಕ್ಕೆ ಇಲ್ಲವಾಗಲಿ. ಪರೀಕ್ಷೆಯಲ್ಲಿ ಫೇಲಾದವರು ಒಬ್ಬರು, ಶಾಲೆ ಬಿಡಿಸಿದ್ದು ಇನ್ನೊಬ್ಬರನ್ನ!

1921ರ ಶೆಪರ್ಡ್-ಟೌನರ್ ಕಾಯ್ದೆಯಿಂದ ರಾಜ್ಯಗಳಿಗೆ ತಾಯಿ-ಮಗುವಿನ ಆರೋಗ್ಯಕ್ಕೆ ಅಂತ ಕೇಂದ್ರದ ದುಡ್ಡು ಬಂತು. ಸೂಲಗಿತ್ತಿಯರ ನೋಂದಣಿ, ಕ್ಲಾಸು, ಚೀಲ ತಪಾಸಣೆ ಜೋರಾಗಿದ್ದು ಆಗಲೇ. ಇದೆಲ್ಲ ಬರೀ ಕಿರುಕುಳ ಅಂದರೆ ತಪ್ಪಾಗುತ್ತದೆ. ಆ ಕಣ್ಣಿನ ಹನಿ ಎಷ್ಟೋ ಮಕ್ಕಳನ್ನು ಕುರುಡುತನದಿಂದ ಉಳಿಸಿತು. ಜಾರ್ಜಿಯಾದ ಆಲ್ಬನಿಯ ಮೇರಿ ಕೋಲಿ ಎಂಬ ಸೂಲಗಿತ್ತಿಯನ್ನೇ ಮುಖ್ಯಪಾತ್ರ ಮಾಡಿ ರಾಜ್ಯದ ಆರೋಗ್ಯ ಇಲಾಖೆ 1953ರಲ್ಲಿ ತರಬೇತಿ ಚಿತ್ರ ತೆಗೆಸಿತು. ಅವರ ಕೈಗುಣಕ್ಕೆ ಸರ್ಕಾರದ್ದೇ ಸಾಕ್ಷಿ ಅದು. ತೊಂದರೆ ಇದ್ದದ್ದು ಪರ್ಮಿಟ್ಟಿನಲ್ಲಿ. ಕೊಟ್ಟವರು ವಾಪಸ್ ಕಿತ್ಕೊಳ್ಳಬಹುದು, ಅಲ್ವಾ?

ಹಾಗೇ ಆಯಿತು. 1960ರ ದಶಕದ ಕೊನೆಗೆ ದೇಶದ ಹತ್ತಿರ ಹತ್ತಿರ ಎಲ್ಲ ಹೆರಿಗೆಗಳೂ ಆಸ್ಪತ್ರೆ ಸೇರಿದ್ದವು. ವರ್ಣಭೇದದಿಂದ ಮುಚ್ಚಿದ್ದ ಆಸ್ಪತ್ರೆ ಬಾಗಿಲು ಕಪ್ಪು ಬಸುರಿಯರಿಗೆ ತೆರೆದಾಗ ಅವರ ಸೂಲಗಿತ್ತಿಯರು ಹೊರಗೇ ಉಳಿದರು. ಅಲಬಾಮಾ 1976ರಲ್ಲಿ ಕಾನೂನು ತಂದು ಹೊಸ ಪರ್ಮಿಟ್ ನಿಲ್ಲಿಸಿತು. ಮೊಬೈಲ್‌ನಲ್ಲಿ (ಫೋನಲ್ಲ, ಅದೊಂದು ಊರು) ದಶಕಗಟ್ಟಲೆ ಹೆರಿಗೆ ಮಾಡಿಸಿದ ಓನಿ ಲೀ ಲೋಗನ್ ಅವರಿಗೆ 1984ರಲ್ಲಿ ಒಂದು ಪತ್ರ ಬಂತು. ಇನ್ನು ನಿಮ್ಮ ಕೆಲಸ ಸಾಕು ಅಂತ.

ಇದರ ಜೊತೆಗೇ ಇನ್ನೊಂದು ಕಥೆ ನಡೀತಿತ್ತು. 1961ರಲ್ಲಿ ಮಿಸಿಸಿಪ್ಪಿಯ ಫ್ಯಾನಿ ಲೂ ಹೇಮರ್ ಎಂಬ ಕಪ್ಪು ಮಹಿಳೆ ಗಡ್ಡೆ ತೆಗೆಸೋಕೆ ಆಸ್ಪತ್ರೆಗೆ ಹೋದರು. ಅವರನ್ನು ಕೇಳದೆಯೇ ಗರ್ಭಕೋಶ ತೆಗೆದು ಕಳಿಸಿದರು. 1973ರಲ್ಲಿ ಅಲಬಾಮಾದ ರೆಲ್ಫ್ ಅಕ್ಕತಂಗಿಯರಿಗೆ, 14 ಮತ್ತು 12 ವರ್ಷದ ಕಪ್ಪು ಹುಡುಗಿಯರಿಗೆ, ಸರ್ಕಾರಿ ದುಡ್ಡಿನ ಕ್ಲಿನಿಕ್ ಮೂಲಕ ಸಂತಾನಹರಣ ಆಪರೇಷನ್ ಮಾಡಿಸಿದ್ದು ಬಯಲಾಯಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕನ್ನು ಎತ್ತಿಹಿಡಿದಿತ್ತು. ಮಗು ಬೇಡ ಅನ್ನುವ ಹಕ್ಕಿಗೆ ದೇಶವಿಡೀ ಚಳವಳಿ. ಬೇಕು ಅನ್ನುವ ಹಕ್ಕಿಗೆ?

1994ರ ಜೂನ್‌ನಲ್ಲಿ ಷಿಕಾಗೋದಲ್ಲಿ 12 ಮಂದಿ ಕಪ್ಪು ಮಹಿಳೆಯರು ಕೂತು ಈ ಪ್ರಶ್ನೆಗೊಂದು ಹೆಸರಿಟ್ಟರು: ರಿಪ್ರೊಡಕ್ಟಿವ್ ಜಸ್ಟಿಸ್. ನಾವು ಸಂತಾನ ನ್ಯಾಯ ಅನ್ನೋಣ. ಮಗು ಬೇಡ ಅನ್ನೋದು, ಬೇಕು ಅನ್ನೋದು, ಹುಟ್ಟಿದ ಮಗುವನ್ನು ಭಯವಿಲ್ಲದ ಜಾಗದಲ್ಲಿ ಬೆಳೆಸೋದು, ಮೂರೂ ಹಕ್ಕು. 1997ರಲ್ಲಿ 16 ಸಂಘಟನೆಗಳು ಸೇರಿ ಸಿಸ್ಟರ್‌ಸಾಂಗ್ ಎಂಬ ಒಕ್ಕೂಟ ಕಟ್ಟಿದ ಮೇಲೆ ಈ ಮಾತು ಊರೂರಿಗೆ ಹೋಯಿತು.

ಡೌಲಾ ಬೇರೆ ದಾರಿಯಲ್ಲಿ ಬಂದವಳು. ಡೌಲಾ ಅಂದರೆ ಗ್ರೀಕಿನಲ್ಲಿ ಸೇವಕಿ. 1970ರ ದಶಕದಲ್ಲಿ ಮಾನವಶಾಸ್ತ್ರಜ್ಞೆ ಡೇನಾ ರಫಾಯೆಲ್ ಆ ಪದವನ್ನು ಬಳಕೆಗೆ ತಂದರು. ಹೆರಿಗೆಯುದ್ದಕ್ಕೂ ಪಕ್ಕದಲ್ಲಿ ಒಬ್ಬ ಹೆಂಗಸಿದ್ದರೆ ಅನುಕೂಲ ಅಂತ ಗ್ವಾಟೆಮಾಲಾದ ಒಂದು ಅಧ್ಯಯನ 1980ರಲ್ಲಿ ಹೇಳಿತು. ಊರಿನ ಅಜ್ಜಿಯರಿಗೆ ಇದು ಮೊದಲೇ ಗೊತ್ತಿತ್ತು ಬಿಡಿ. 1992ರಲ್ಲಿ ಡೋನಾ ಎಂಬ ಸಂಸ್ಥೆ ಹುಟ್ಟಿ ಸರ್ಟಿಫಿಕೇಟ್ ಕೊಡತೊಡಗಿತು. ಆದರೆ ಕೈಯಿಂದ ಕಾಸು ಕೊಡಬಲ್ಲ ಹೆಂಗಸರಿಗೇ ಈ ಸೇವೆ ಜಾಸ್ತಿ ಸಿಕ್ಕಿತು, ಅವರಲ್ಲಿ ಬಹುಪಾಲು ಬಿಳಿಯರು. ಕಪ್ಪು ಸೂಲಗಿತ್ತಿಯರ ಪರಂಪರೆ ಹಿಡಿದು ಕಲಿಸೋಕೆ ಶಫಿಯಾ ಮನ್ರೋ 1991ರಲ್ಲೇ ಪೋರ್ಟ್‌ಲೆಂಡ್‌ನಲ್ಲಿ ಸಂಸ್ಥೆ ಕಟ್ಟಿದ್ದರು. 2008ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಏನ್ಶಿಯಂಟ್ ಸಾಂಗ್ ಎಂಬ ಡೌಲಾ ಸಂಸ್ಥೆ ಶುರುವಾಯಿತು.

ಇಂಥ ಕಡೆ ಏನು ಕಲಿಸುತ್ತಾರೆ? ಸೊಂಟ ನೀವುವುದು, ಉಸಿರಾಟ, ಹಾಲೂಡಿಸೋದು ಎಲ್ಲ ಕಡೆಯೂ ಇದೆ. ಇಲ್ಲಿ ಅದರ ಮೇಲೆ ಹೇಮರ್, ರೆಲ್ಫ್ ಕಥೆಗಳನ್ನೂ ಪಾಠ ಮಾಡುತ್ತಾರೆ. ಗರ್ಭಪಾತವಾದವಳ ಪಕ್ಕ ಕೂರೋದೂ, ಜೈಲಲ್ಲಿರುವ ಬಸುರಿಯ ಹಕ್ಕುಗಳೂ ಕೆಲವೆಡೆ ಪಾಠದಲ್ಲೇ ಸೇರಿವೆ. ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಬಸುರಿಯರ ಮೂತ್ರವನ್ನು ಡ್ರಗ್ಸ್‌ಗಾಗಿ ಪರೀಕ್ಷಿಸಿ ಪೊಲೀಸರಿಗೆ ತಿಳಿಸುತ್ತಿದ್ದರು. ಒಪ್ಪಿಗೆಯಿಲ್ಲದೆ ಹಾಗೆ ಮಾಡೋದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ. ಆಸ್ಪತ್ರೆಯಲ್ಲಿ 'ಸಹಿ ಹಾಕಿ' ಅಂದಾಗ ಯಾಕೆ ಅಂತ ಕೇಳೋದನ್ನು ಕಲಿಸೋದು ಇದಕ್ಕೇ.

ಕಲಿಕೆಯ ಕಷ್ಟದ ಭಾಗ ಬಾಯಿ ಬಿಗಿ ಹಿಡಿಯೋದು. ಡಾಕ್ಟರ್ ಬಂದು "ನೀರಿನ ಚೀಲ ಒಡೆಸೋಣ" ಅಂದರು ಅಂತಿಟ್ಟುಕೊಳ್ಳಿ. ಡೌಲಾ "ಬೇಡ" ಅನ್ನುವ ಹಾಗಿಲ್ಲ, ಅವಳು ವೈದ್ಯೆಯಲ್ಲ. ಹೆರುವವಳ ಕಡೆ ತಿರುಗಿ "ಏನಾದರೂ ಕೇಳಬೇಕಾ? ಐದು ನಿಮಿಷ ಯೋಚನೆ ಮಾಡ್ತೀರಾ?" ಅನ್ನಬಹುದು. ಅಷ್ಟೇ. ಆ ಐದು ನಿಮಿಷ ಸಿಗೋ ಹಾಗೆ ಮಾಡೋದೇ ಅವಳ ಕೆಲಸ.

ಇದು ಫಲ ಕೊಡುತ್ತದಾ? ಎಡೆಬಿಡದೆ ಜೊತೆಗಿದ್ದರೆ ಸಿಸೇರಿಯನ್ ಕಡಿಮೆ ಅಂತ 15,000ಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ 2017ರ ಕಾಕ್ರೇನ್ ವಿಮರ್ಶೆ, ಅಂದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವರದಿ, ಹೇಳುತ್ತದೆ. ಆದರೆ 2023ರಲ್ಲೂ ಲಕ್ಷ ಜೀವಂತ ಜನನಕ್ಕೆ 50.3 ಕಪ್ಪು ತಾಯಂದಿರು ಸತ್ತರು, ಬಿಳಿಯರಲ್ಲಿ 14.5. ಗರ್ಭಕ್ಕೆ ಸಂಬಂಧಿಸಿದ ಸಾವುಗಳಲ್ಲಿ ಅರ್ಧಕ್ಕೂ ಹೆಚ್ಚು ಹೆರಿಗೆಯಾಗಿ ವಾರ ಕಳೆದ ಮೇಲೆ ಆಗುವಂಥವು. ಇಷ್ಟನ್ನೂ ತಂದು ಡೌಲಾ ತಲೆಗೆ ಕಟ್ಟೋದು ಆಸ್ಪತ್ರೆಗಳಿಗೆ ಸುಲಭದ ದಾರಿ, ಅಷ್ಟೇ.

ಅವಳಿಗೆ ಕೊಡೋ ದುಡ್ಡಾದರೂ ಎಷ್ಟು? ಬಡವರ ಸರ್ಕಾರಿ ವಿಮೆ ಮೆಡಿಕೇಡ್‌ನಿಂದ ಡೌಲಾಗೆ ಹಣ ಕೊಡೋಕೆ ಮೊದಲು ಮುಂದಾದ ರಾಜ್ಯಗಳಲ್ಲಿ ಆರೆಗನ್ ಒಂದು. ಆರಂಭದಲ್ಲಿ ಕೊಟ್ಟದ್ದು ಒಂದು ಹೆರಿಗೆಗೆ 75 ಡಾಲರ್! ರಾತ್ರಿಯೆಲ್ಲ ನಿಂತದ್ದಕ್ಕೆ. ಆಮೇಲೆ ಏರಿಸಿದರು. ಸರ್ಕಾರಿ ಹಣ ಬಂದ ಕಡೆ ಯಾರು ಅರ್ಹರು ಅನ್ನೋ ಪಟ್ಟಿಯೂ ಬರುತ್ತದೆ. ಯಾವ ಸಂಸ್ಥೆಯ ಸರ್ಟಿಫಿಕೇಟ್ ನಡೆಯುತ್ತದೆ, ಮೂವತ್ತು ವರ್ಷ ಇದನ್ನೇ ಮಾಡಿದವಳು ಮತ್ತೆ ಫೀಸು ಕಟ್ಟಿ ಕ್ಲಾಸಲ್ಲಿ ಕೂರಬೇಕಾ ಅನ್ನೋ ಜಗಳ ರಾಜ್ಯ ರಾಜ್ಯದಲ್ಲೂ ಇದೆ. 2023ರಲ್ಲಿ ಶುರು ಮಾಡಿದ ಕ್ಯಾಲಿಫೋರ್ನಿಯಾ ಎರಡು ದಾರಿ ಇಟ್ಟಿತು. ಕ್ಲಾಸಿಗೆ ಹೋಗಿ ಬರಬಹುದು, ಇಲ್ಲವೇ ವರ್ಷಗಳ ಅನುಭವ ತೋರಿಸಬಹುದು. ಅನುಭವಕ್ಕೆ ಪುರಾವೆ? ಜೊತೆಗೆ ಕೆಲಸ ಮಾಡಿದವರು, ಅವಳ ಕೈಯಲ್ಲಿ ಬಾಣಂತನ ಕಂಡ ತಾಯಂದಿರು ಬರೆದುಕೊಡುವ ಪತ್ರ.