ಕಣ್ಣಿಗೆ ರಾಕ್ಷಸ, ಕಿವಿಗೆ ಮನುಷ್ಯ: ‘ಫ್ರಾಂಕನ್‌ಸ್ಟೈನ್’ ಓದುವವರಿಗೆ ಟಿಪ್ಪಣಿ

ಗೋಥಿಕ್ ಕಾದಂಬರಿ, ಅಂದರೆ ಭಯ ಹುಟ್ಟಿಸುವ ನಿಗೂಢ ಕತೆ, ಓದುಗರನ್ನು ರಾಕ್ಷಸನ ಪರ ಹೇಗೆ ಒಲಿಸುತ್ತದೆ? ಈ ಪ್ರಶ್ನೆಗೆ ಉತ್ತರ ಬರೆಯುವವರಿಗೆ ಈ ಟಿಪ್ಪಣಿ. ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆಯವರಿಗೆ ಇದನ್ನು ವಿವರಿಸಲು ತಾಳಮದ್ದಲೆ ಸಾಕು. ಯಕ್ಷಗಾನದ ಆಟದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ರಂಗಕ್ಕೆ ಬಂದರೆ ಮೊದಲು ಬೆದರುವುದು ಕಣ್ಣು. ತಾಳಮದ್ದಲೆ ಅದರದೇ ಕೂತು ಮಾತಾಡುವ ರೂಪ, ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಶಾಲು ಹೊದ್ದು ಕೂತ ಅರ್ಥಧಾರಿ, ಅಂದರೆ ಪಾತ್ರದ ಮಾತಾಡುವ ಕಲಾವಿದ, ಬರೀ ಮಾತಿನಲ್ಲಿ ವಾಲಿಯಾಗುತ್ತಾನೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ಅವನು ರಾಮನನ್ನು ಕೇಳುವಾಗ ಸಭೆಯ ಮನಸ್ಸು ಕರಗುತ್ತದೆ. ಮೇರಿ ಶೆಲ್ಲಿ 1818ರ ‘ಫ್ರಾಂಕನ್‌ಸ್ಟೈನ್’ ಕಾದಂಬರಿಯಲ್ಲಿ ತನ್ನ ರಾಕ್ಷಸನಿಗೆ ಹೀಗೇ ಅರ್ಥ ಹೇಳಲು ಬಿಟ್ಟಳು. ಉಳಿದದ್ದೆಲ್ಲ ಅದರಿಂದಲೇ ಹುಟ್ಟುತ್ತದೆ.

ಮೊದಲು ಕ್ರಮ ನೋಡಿ. (ಅಧ್ಯಾಯ ಸಂಖ್ಯೆಗಳು 1831ರ ಪರಿಷ್ಕೃತ ಆವೃತ್ತಿಯವು. 1818ರ ಆವೃತ್ತಿ ಮೂರು ಸಂಪುಟಗಳದ್ದು, ಅಲ್ಲಿ ಎಣಿಕೆ ಬೇರೆ.) 5ನೆಯ ಅಧ್ಯಾಯದಲ್ಲಿ ಜೀವಿ (ಆ ರಾಕ್ಷಸ) ಕಣ್ಣು ಬಿಡುತ್ತದೆ, ಅದನ್ನು ಸೃಷ್ಟಿಸಿದ ವಿಕ್ಟರ್ ಹೆದರಿ ಓಡುತ್ತಾನೆ. 7ರಲ್ಲಿ ಅವನ ಪುಟ್ಟ ತಮ್ಮ ವಿಲಿಯಂನ ಕೊಲೆಯ ಸುದ್ದಿ, 8ರಲ್ಲಿ ಆ ಕೊಲೆಗೆ ಆ ಮನೆಯ ಕೆಲಸದವಳು, ನಿರಪರಾಧಿ ಜಸ್ಟೀನ್‌ಗೆ ಗಲ್ಲು. ನಮ್ಮ ಸಿಟ್ಟು ನೆತ್ತಿಗೇರಿದ ಮೇಲೆ, 11ರಿಂದ 16ರವರೆಗೆ, ಜೀವಿ ‘ನಾನು’ ಎಂದು ತನ್ನ ಕತೆ ಹೇಳುತ್ತದೆ. ಅಪರಾಧ ಮೊದಲು, ಕಾರಣ ಆಮೇಲೆ. ಕನಿಕರ ಸುಮ್ಮನೆ ಬರುವುದಿಲ್ಲ, ನಮ್ಮದೇ ಸಿಟ್ಟನ್ನು ದಾಟಿ ಬರಬೇಕು. ಅದಕ್ಕೇ ಅಷ್ಟು ಗಟ್ಟಿ.

ಆ ಕತೆ ಶುರುವಾಗುವ ಬಗೆ ಗಮನಿಸಿ. ಸೇಡಿನ ಮಾತಿಲ್ಲ. ಬೆಳಕು, ಚಳಿ, ಹಸಿವು, ಚಂದ್ರ, ಹಕ್ಕಿಯ ದನಿ. ಯಾರೋ ಬಿಟ್ಟುಹೋದ ಬೆಂಕಿ ಬೆಚ್ಚಗಿದೆಯೆಂದು ಕೆಂಡಕ್ಕೆ ಕೈ ಹಾಕಿ ಸುಟ್ಟುಕೊಳ್ಳುತ್ತದೆ: ಎಂಟು ಅಡಿ ಎತ್ತರದ ಕೂಸು. ಮುಂದೆ ಡಿ ಲೇಸಿ ಕುಟುಂಬದ ಮನೆಗೆ ತಾಗಿದ ಗುಡಿಸಲಲ್ಲಿ ಅಡಗಿ, ಸಂದಿಯಿಂದ ಅವರನ್ನು ನೋಡುತ್ತಾ ಮಾತು ಕಲಿಯುತ್ತದೆ. ಮೊದಲು ಕಲಿತವು ಬೆಂಕಿ, ಹಾಲು, ರೊಟ್ಟಿ, ಸೌದೆ. ಅವರು ಬಡವರೆಂದು ತಿಳಿದೊಡನೆ ಅವರ ಆಹಾರ ಕದಿಯುವುದನ್ನು ಬಿಟ್ಟು, ರಾತ್ರಿ ಕಾಡಿನಿಂದ ಸೌದೆ ತಂದು ಬಾಗಿಲಿಗೆ ಹಾಕುತ್ತದೆ. ‘ಜೀವಿ ಒಳ್ಳೆಯದು’ ಎಂದು ಲೇಖಕಿ ಹೇಳಬೇಕಾಗಿಯೇ ಇಲ್ಲ, ಸೌದೆ ಹೇಳುತ್ತದೆ.

ನನ್ನ ಮಟ್ಟಿಗೆ ಇಡೀ ಕಾದಂಬರಿಯ ಕೀಲಿ 15ನೆಯ ಅಧ್ಯಾಯ. ಮಕ್ಕಳು ಹೊರಗೆ ಹೋದಾಗ ಜೀವಿ ಮುದುಕ ಡಿ ಲೇಸಿಯ ಮುಂದೆ ಕೂತು ಮಾತಾಡುತ್ತದೆ. ಮುದುಕ ಕುರುಡ, ಮಾತು ಕೇಳಿ ಮರುಗುತ್ತಾನೆ. ಕಣ್ಣಿರುವ ಮಗ ಫೆಲಿಕ್ಸ್ ಒಳಗೆ ಬಂದವನೇ ಕೋಲಿನಿಂದ ಹೊಡೆಯುತ್ತಾನೆ. ಅವನನ್ನು ಸಿಗಿದು ಹಾಕುವ ಬಲವಿದ್ದೂ ಜೀವಿ ಕೈ ತಡೆದುಕೊಂಡು ಹೊರಟುಹೋಗುತ್ತದೆ. ಓದುಗರ ಸ್ಥಿತಿಯೂ ಆ ಕುರುಡನದೇ: ಮುಖ ಕಾಣದು, ಮಾತು ಮಾತ್ರ ಕೇಳುತ್ತದೆ. ಇದು ಆಕಸ್ಮಿಕವಲ್ಲ ಎನ್ನಲು ಇನ್ನೆರಡು ಸಾಕ್ಷಿಗಳಿವೆ. 10ರಲ್ಲಿ, ಹಿಮನದಿಯ ಮೇಲೆ, ತನ್ನನ್ನು ನೋಡಲಾರೆ ಎಂದ ವಿಕ್ಟರನ ಕಣ್ಣಿಗೆ ಜೀವಿ ತನ್ನ ಕೈಯನ್ನೇ ಅಡ್ಡ ಹಿಡಿದು, ಈಗ ಕೇಳು ಎನ್ನುತ್ತದೆ. ಕೊನೆಯ ಅಧ್ಯಾಯದಲ್ಲಿ, ವಿಕ್ಟರನ ಕತೆ ಬರೆದುಕೊಂಡ ನಾವಿಕ ವಾಲ್ಟನ್ ಆ ಮುಖ ಕಂಡು ತಾನೇ ಕಣ್ಣು ಮುಚ್ಚುತ್ತಾನೆ. ಉತ್ತರದಲ್ಲಿ ಈ ಮೂರನ್ನೂ ಒಟ್ಟಿಗೆ ಇಟ್ಟರೆ ವಾದಕ್ಕೆ ಬೆನ್ನೆಲುಬು ಸಿಗುತ್ತದೆ.

ಹೋಲಿಕೆಗೆ 1897ರ ‘ಡ್ರಾಕುಲಾ’ ಒಂದೆರಡು ವಾಕ್ಯಕ್ಕೆ ಸಾಕು. ಅಲ್ಲಿ ದಿನಚರಿ, ಪತ್ರಗಳೆಲ್ಲ ಬೇರೆಯವರವು. ಕೌಂಟ್ ಡ್ರಾಕುಲಾಗೆ ತನ್ನದೇ ನಿರೂಪಣೆ ಇಲ್ಲ. ಭಯ ಹೆಚ್ಚು, ಮರುಕ ಕಡಿಮೆ.

ತಪ್ಪಾಗುವ ಜಾಗಗಳು. ಜೀವಿಯನ್ನೇ ಫ್ರಾಂಕನ್‌ಸ್ಟೈನ್ ಎಂದು ಬರೆಯಬೇಡಿ. ಅದು ವಿಕ್ಟರನ ಮನೆತನದ ಹೆಸರು, ಜೀವಿಗೆ ಹೆಸರೇ ಇಲ್ಲ. 1931ರ ಸಿನಿಮಾ ನೋಡಿ ಉತ್ತರ ಬರೆದರೆ ಬುಡವೇ ಕುಸಿಯುತ್ತದೆ, ಅಲ್ಲಿ ಜೀವಿ ಮಾತೇ ಆಡುವುದಿಲ್ಲ. ಇದಕ್ಕಿಂತ ದೊಡ್ಡ ತಪ್ಪು, ಮರುಕವನ್ನು ಕ್ಷಮೆ ಎಂದು ತಿಳಿಯುವುದು. ಜೀವಿ ಮಗುವನ್ನು ಕೊಂದು, ಅದರ ಬಳಿಯಿದ್ದ ಚಿತ್ರವನ್ನು ಮಲಗಿದ್ದ ಜಸ್ಟೀನ್‌ಳ ಉಡುಪಿನಲ್ಲಿ ಬೇಕೆಂದೇ ಇಡುತ್ತದೆ. ಇದನ್ನೂ ಅದೇ ಬಾಯಿಂದಲೇ ಕೇಳುತ್ತೇವೆ. ಈ ವಿವರ ಬಿಟ್ಟ ಉತ್ತರ ಅರ್ಧ ಉತ್ತರ.

ಚೆನ್ನಾಗಿ ಓದಿಕೊಂಡವರು ಇನ್ನೊಂದು ಅಂಶ ಸೇರಿಸಬಹುದು. ಜೀವಿಯ ಮಾತು ನೇರವಾಗಿ ನಮಗೆ ತಲುಪಿಲ್ಲ: ಜೀವಿ ವಿಕ್ಟರನಿಗೆ ಹೇಳಿದ್ದು, ವಿಕ್ಟರ್ ವಾಲ್ಟನ್‌ಗೆ, ವಾಲ್ಟನ್ ಅಕ್ಷರಕ್ಕಿಳಿಸಿ ಸೋದರಿಗೆ. ವಾಲ್ಟನ್ ಬರೆದುಕೊಂಡದ್ದನ್ನು ವಿಕ್ಟರ್ ತಾನೇ ತಿದ್ದಿ, ವೈರಿಯ ಜೊತೆಗಿನ ಸಂಭಾಷಣೆಗಳಿಗೇ ಹೆಚ್ಚು ಜೀವ ತುಂಬಿದನೆಂದು 24ನೆಯ ಅಧ್ಯಾಯದಲ್ಲಿದೆ. ಜೀವಿಯ ಮಾತಿಗೆ ಮರುಳಾಗಬೇಡ ಎಂದು ವಾಲ್ಟನ್‌ಗೆ ಎಚ್ಚರಿಸುವವನೂ ಇದೇ ವಿಕ್ಟರ್.