ಏರ್‌ಲೈನ್ ಇಶ್ಯೂ: ಸೀಟಿನ ಜೇಬಿನಿಂದ ಬಂದ ಕಾರ್ಡು

"ಮುಟ್ಟಿದ ಕೂಡಲೇ ಒಂದು ಕಾರ್ಡು ಹಾಕು" ಎಂದು ಮನೆಯ ಹಿರಿಯರು ಹೇಳುತ್ತಿದ್ದ ಕಾಲದಲ್ಲಿ ಕಾರ್ಡು ಎಂದರೆ ಅಂಚೆ ಕಚೇರಿಯ ಕಾರ್ಡೇ. 1879ರ ಜುಲೈ 1ರಂದು ಕಾಲಾಣೆಗೆ ಮಾರಾಟ ಶುರುವಾದ ಆ ಕಾರ್ಡಿನಲ್ಲಿ ಅಂಚೆಚೀಟಿ ಅಚ್ಚಾಗಿಯೇ ಬರುತ್ತಿತ್ತು. ಚಿತ್ರ ಇರುತ್ತಿರಲಿಲ್ಲ, ಎರಡು ಕಡೆಯೂ ಬರೆಯುವುದಕ್ಕೇ. "ಉಭಯ ಕುಶಲೋಪರಿ ಸಾಂಪ್ರತ" ಎಂದು ತೊಡಗಿ, ಜಾಗ ಸಾಲದೆ ಕೊನೆಯ ಸಾಲನ್ನು ಅಂಚಿನ ಗುಂಟ ಅಡ್ಡಕ್ಕೆ ಬರೆದು ಮುಗಿಸುತ್ತಿದ್ದ ಕಾರ್ಡು ಅದು. ಚಿತ್ರದ ಕಾರ್ಡು ಬೇರೆ ಜಾತಿ. ಅದರಲ್ಲಿಯೂ ವಿಮಾನದ ಚಿತ್ರವಿರುವ ಕಾರ್ಡುಗಳದ್ದು ಇನ್ನೊಂದು ಲೋಕ. ಆ ಲೋಕದಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಮಾತು 'ಏರ್‌ಲೈನ್ ಇಶ್ಯೂ'.

ಇಶ್ಯೂ ಎಂದರೆ ನಮ್ಮ ಆಡುಮಾತಿನಲ್ಲಿ ಈಗ ತಕರಾರು ಎಂದೇ ಅರ್ಥ. ಇಲ್ಲಿ ಅದು ಹಳೆಯ ಅರ್ಥದಲ್ಲಿದೆ. ಅಂಚೆ ಇಲಾಖೆ ಚೀಟಿ ಹೊರಡಿಸುತ್ತದೆ, ರಿಸರ್ವ್ ಬ್ಯಾಂಕು ನೋಟು ಹೊರಡಿಸುತ್ತದೆ ಎನ್ನುತ್ತೇವಲ್ಲ, ಹಾಗೆ ವಿಮಾನ ಸಂಸ್ಥೆಯೇ ಅಚ್ಚು ಹಾಕಿಸಿ, ತನ್ನ ಪ್ರಯಾಣಿಕರಿಗೆ ಪುಕ್ಕಟೆ ಹಂಚಿದ ಕಾರ್ಡು ಏರ್‌ಲೈನ್ ಇಶ್ಯೂ. ವಿಮಾನ ನಿಲ್ದಾಣದ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡ ಕಾರ್ಡಿನಲ್ಲಿ ಅದೇ ವಿಮಾನ, ಅದೇ ಬಣ್ಣ ಇದ್ದರೂ ಅದು ಏರ್‌ಲೈನ್ ಇಶ್ಯೂ ಆಗುವುದಿಲ್ಲ. ಅದನ್ನು ಪ್ರಕಾಶಕರ ಕಾರ್ಡು ಎನ್ನುತ್ತಾರೆ. ಬೋಯಿಂಗ್, ಡಗ್ಲಸ್, ಲಾಕ್‌ಹೀಡ್‌ನಂಥ ತಯಾರಕರು ತಮ್ಮ ವಿಮಾನದ ಪ್ರಚಾರಕ್ಕೆ ಮಾಡಿಸಿದವೂ ಇವೆ, ಅವುಗಳಿಗೆ ಬೇರೆ ಹೆಸರು. ಚಿತ್ರದ ಕಾರ್ಡು ಕೂಡಿಡುವ ಹವ್ಯಾಸಕ್ಕೆ ಒಟ್ಟಾರೆಯಾಗಿ ಡೆಲ್ಟಿಯಾಲಜಿ ಎಂಬ ಹೆಸರಿದೆ. ಗ್ರೀಕಿನಲ್ಲಿ ಡೆಲ್ಟಿಯಾನ್ ಎಂದರೆ ಬರೆಯುವ ಪುಟ್ಟ ಹಲಗೆ. ಆದರೆ ವಿಮಾನದ ಕಾರ್ಡು ಹುಡುಕುವವರ ಬಾಯಲ್ಲಿ ಈ ಪದ ಅಪರೂಪ. ಅವರು ಕಾರ್ಡನ್ನು ಕೈಗೆತ್ತಿಕೊಂಡ ಕೂಡಲೇ ಮಗುಚಿ, "ಇದು ಇಶ್ಯೂನೇ?" ಎಂದು ಕೇಳುತ್ತಾರೆ.

ಯಾರು ಅಚ್ಚು ಹಾಕಿಸಿದರೆ ಏನಂತೆ ಎಂದು ಕೇಳಬಹುದು. ನನಗೂ ಮೊದಮೊದಲು ಹಾಗೇ ಅನ್ನಿಸಿತ್ತು. ಉತ್ತರ ಇರುವುದು ಆ ಕಾರ್ಡು ಬಳಕೆಯಾಗುತ್ತಿದ್ದ ರೀತಿಯಲ್ಲಿ. ವಿಮಾನಯಾನ ದುಬಾರಿಯೂ ಅಪರೂಪವೂ ಆಗಿದ್ದ ದಶಕಗಳಲ್ಲಿ ಸೀಟಿನ ಮುಂದಿನ ಜೇಬಿನಲ್ಲಿ ಒಂದು ಲಕೋಟೆ ಇರುತ್ತಿತ್ತು. ಅದರೊಳಗೆ ಸಂಸ್ಥೆಯ ಹೆಸರಿದ್ದ ಬರೆಯುವ ಹಾಳೆ, ಮಾರ್ಗದ ನಕ್ಷೆ, ಒಂದೆರಡು ಚಿತ್ರದ ಕಾರ್ಡು. ಪ್ರಯಾಣಿಕ ಮೋಡದ ಮೇಲೆ ಕೂತು ಮನೆಗೆ ನಾಲ್ಕು ಸಾಲು ಗೀಚಿ ಗಗನಸಖಿಯ ಕೈಗೆ ಕೊಟ್ಟರೆ ಸಾಕು. ಎಷ್ಟೋ ಸಂಸ್ಥೆಗಳು ತಾವೇ ಚೀಟಿ ಅಂಟಿಸಿ ಮುಂದಿನ ಊರಿನಲ್ಲಿ ಅಂಚೆಗೆ ಹಾಕುತ್ತಿದ್ದವು. ಅಂಗಡಿಯ ಕಾರ್ಡು ಪ್ರಯಾಣದ ನೆನಪಿಗೆ ಕೊಂಡದ್ದು. ಇದು ಪ್ರಯಾಣವನ್ನೇ ಮಾಡಿದ್ದು.

1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ಮೊದಲ ವಿದೇಶಯಾನ ಬೊಂಬಾಯಿಯಿಂದ ಹೊರಟಿತು. ಲಾಕ್‌ಹೀಡ್ ಕಾನ್‌ಸ್ಟೆಲೇಷನ್ ವಿಮಾನ, ಹೆಸರು 'ಮಲಬಾರ್ ಪ್ರಿನ್ಸೆಸ್'. ಕೈರೋ, ಜಿನೀವಾ, ಅಲ್ಲಿಂದ ಲಂಡನ್. ಇಂಥ ಮಾರ್ಗದಲ್ಲಿ ಅರಬೀ ಸಮುದ್ರದ ಮೇಲೆ ಬರೆದ ಕಾರ್ಡು ಕೈರೋದಲ್ಲಿ ಅಂಚೆಗೆ ಬಿದ್ದರೆ ಅದರ ಮೇಲೆ ಈಜಿಪ್ಟಿನ ಚೀಟಿ, ಅಲ್ಲಿನದೇ ಮುದ್ರೆ. ಬರೆದವರು ಆ ಊರಿನ ಬೀದಿಯಲ್ಲಿ ಒಂದು ಹೆಜ್ಜೆಯನ್ನೂ ಇಟ್ಟಿರಲಿಕ್ಕಿಲ್ಲ. ಚಿತ್ರ, ಕೈಬರಹ, ಚೀಟಿ, ಮುದ್ರೆ ಈ ನಾಲ್ಕನ್ನೂ ಜೋಡಿಸಿ ಓದಿದಾಗ ಒಂದು ಇಡೀ ಯಾನ ಕಣ್ಣಿಗೆ ಕಟ್ಟುತ್ತದೆ. ಅದಕ್ಕೇ ನನ್ನ ಮಟ್ಟಿಗೆ ಹೊಳೆಯುವ ಹೊಸ ಕಾರ್ಡಿಗಿಂತ ಬರೆದು, ಚೀಟಿ ಹಚ್ಚಿ, ಮುದ್ರೆ ಬಿದ್ದ ಕಾರ್ಡೇ ಹೆಚ್ಚು. ಬಳಸದ ಕಾರ್ಡೇ ಬೇಕೆನ್ನುವ ಸಂಗ್ರಾಹಕರು ಬಹಳ ಮಂದಿ ಇದ್ದಾರೆ. ಅವರೊಡನೆ ಈ ಒಂದು ವಿಷಯದಲ್ಲಿ ನನಗೆ ಎಂದೂ ಹೊಂದಿಕೆಯಾಗಿಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ವಿಮಾನದಲ್ಲಿ ಹೋದ ಟಪಾಲನ್ನು ಕೂಡಿಡುವುದು ಬೇರೆ ಹವ್ಯಾಸ, ಅದಕ್ಕೆ ಏರೋಫಿಲಾಟೆಲಿ ಎನ್ನುತ್ತಾರೆ. 1911ರ ಫೆಬ್ರುವರಿ 18ರಂದು ಫ್ರೆಂಚ್ ವಿಮಾನಿ ಹೆನ್ರಿ ಪೆಕೆ ಅಲಹಾಬಾದಿನಿಂದ ನೈನಿಗೆ ಸುಮಾರು 6,500 ಕಾಗದಗಳನ್ನು ಹಾರಿಸಿಕೊಂಡು ಹೋದದ್ದು ಆ ಹವ್ಯಾಸದ ಮೊದಲ ಪುಟ. ಕನ್ನಡ ನಾಡಿಗೂ ಅದರಲ್ಲಿ ಒಂದು ಪಾಲಿದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಬೊಂಬಾಯಿಗೆ ತಂದಿಳಿಸಿದ ಟಪಾಲನ್ನು ಅಲ್ಲಿಂದ ಮದರಾಸಿಗೆ ಒಯ್ದವರು ಟಾಟಾ ಅವರ ಜೊತೆಗಾರ ವಿಮಾನಿ ನೆವಿಲ್ ವಿನ್ಸೆಂಟ್, ನಡುವೆ ವಿಮಾನ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ. ಆ ಯಾನದ ಲಕೋಟೆಗಳನ್ನು ಜನ ಈಗಲೂ ಹುಡುಕುತ್ತಾರೆ. ಅಲ್ಲಿ ಮುಖ್ಯ ಮುದ್ರೆ ಮತ್ತು ಮಾರ್ಗ, ಚಿತ್ರ ಇರಲೇಬೇಕೆಂದಿಲ್ಲ. ಏರ್‌ಲೈನ್ ಇಶ್ಯೂ ಕಾರ್ಡು ಅಂಚೆಯ ಮುಖವನ್ನೇ ಕಾಣದೆ ಪೆಟ್ಟಿಗೆಯಲ್ಲಿ ಉಳಿದಿದ್ದರೂ ಏರ್‌ಲೈನ್ ಇಶ್ಯೂವೇ.

ಗುರುತು ಹಿಡಿಯುವುದು ಹೇಗೆ? ಬೆನ್ನು ನೋಡಬೇಕು. ಪ್ರಕಾಶಕರ ಕಾರ್ಡಿನಲ್ಲಿ ಮುದ್ರಕರ ಹೆಸರು, ಊರು, ಕ್ರಮಸಂಖ್ಯೆ ಎದ್ದು ಕಾಣುತ್ತವೆ. ಪ್ಯಾರಿಸ್ಸಿನ ಓರ್ಲಿ ನಿಲ್ದಾಣದ ಕಾರ್ಡುಗಳ ಹಿಂದೆ ಅಲ್ಲಿನ ಪ್ರಕಾಶಕರ ಹೆಸರು ಇರುವಂತೆ. ವಿಮಾನ ಸಂಸ್ಥೆಯ ಕಾರ್ಡಿನ ಬೆನ್ನಲ್ಲಿ ಸಂಸ್ಥೆಯದೇ ಲಾಂಛನ, ವಿಮಾನದ ಬಗ್ಗೆ ಒಂದೆರಡು ಹೊಗಳಿಕೆಯ ಸಾಲು, ಮೂಲೆಯಲ್ಲಿ ಸಣ್ಣ ಅಕ್ಷರದ ಅಚ್ಚಿನ ಸಂಕೇತ. ಕೆಲವು ಸಲ ಮುದ್ರಕರ ಹೆಸರೇ ಇರುವುದಿಲ್ಲ. ಇನ್ನೊಂದು ಸುಳಿವು ಚಿತ್ರದಲ್ಲಿದೆ: ಬಾಲದ ಮೇಲಿನ ನೋಂದಣಿ ಅಕ್ಷರಗಳನ್ನು ಅಳಿಸಿರಬಹುದು. ಒಂದೇ ಚಿತ್ರ ಆ ಬಗೆಯ ಎಲ್ಲ ವಿಮಾನಗಳಿಗೂ ನಿಲ್ಲಬೇಕಲ್ಲ.

ಚಿತ್ರವನ್ನು ತಿದ್ದುವುದು ಇದಕ್ಕಿಂತಲೂ ಮುಂದೆ ಹೋಗುತ್ತಿತ್ತು. ವಿಮಾನ ಕೈಸೇರುವ ಮೊದಲೇ ಪ್ರಚಾರ ಶುರುವಾಗಬೇಕು, ಹಾಗಾಗಿ ಚಿತ್ರಕಾರರು ಬರೆದ ವಿಮಾನ ಕಾರ್ಡಿಗೆ ಬರುತ್ತಿತ್ತು. ಕೆಲವು ಕೊನೆಗೂ ನಿಜವಾಗಲಿಲ್ಲ. ಅಮೆರಿಕದ ಬ್ರಾನಿಫ್ ಸಂಸ್ಥೆಯ ಕಿತ್ತಳೆ ಬಣ್ಣದ ಕಾಂಕಾರ್ಡ್ (ಶಬ್ದಕ್ಕಿಂತ ವೇಗದ ಜೆಟ್ ವಿಮಾನ) ಚಿತ್ರದಲ್ಲಷ್ಟೇ ಹಾರಿತು. 1979ರಿಂದ 80ರವರೆಗೆ ಬ್ರಾನಿಫ್ ಸಿಬ್ಬಂದಿ ವಾಷಿಂಗ್ಟನ್ ಮತ್ತು ಡಲ್ಲಾಸ್ ನಡುವೆ ಕಾಂಕಾರ್ಡ್ ಹಾರಿಸಿದ್ದು ನಿಜ, ಆದರೆ ವಿಮಾನದ ಮೈಮೇಲೆ ಇದ್ದದ್ದು ಬ್ರಿಟಿಷ್, ಫ್ರೆಂಚ್ ವಿಮಾನ ಸಂಸ್ಥೆಗಳ ಬಣ್ಣ. ಕಾಂಕಾರ್ಡ್ ಕೊಳ್ಳಲು ಆಸೆಪಟ್ಟು ಹೆಸರು ಬರೆಸಿದ್ದವರಲ್ಲಿ ಅಮೆರಿಕದ ಪ್ಯಾನ್ ಆಮ್ ಸಂಸ್ಥೆ ಇತ್ತು, ನಮ್ಮ ಏರ್ ಇಂಡಿಯಾವೂ ಇತ್ತು.

ಕಾರ್ಡಿನ ವಯಸ್ಸು ಲೆಕ್ಕ ಹಾಕುವುದರಲ್ಲಿ ನನಗೆ ಸಿಗುವ ಸುಖ ಬೇರಾವುದರಲ್ಲೂ ಸಿಕ್ಕಿಲ್ಲ. ಇಸವಿ ಅಚ್ಚಾಗಿರುವುದು ಅಪರೂಪ, ಹೆಸರುಗಳೇ ಇಸವಿ ಹೇಳುತ್ತವೆ. 'ಏರ್ ಇಂಡಿಯಾ ಇಂಟರ್‌ನ್ಯಾಷನಲ್' ಎಂದು ಪೂರ್ತಿ ಹೆಸರಿದ್ದರೆ ಕಾರ್ಡು 1962ಕ್ಕಿಂತ ಹಿಂದಿನದು, ಆ ವರ್ಷ 'ಇಂಟರ್‌ನ್ಯಾಷನಲ್' ಬಿದ್ದುಹೋಯಿತು. ನ್ಯೂಯಾರ್ಕಿನ ನಿಲ್ದಾಣಕ್ಕೆ ಐಡಲ್‌ವೈಲ್ಡ್ ಎಂದಿದ್ದರೆ 1963ರ ಡಿಸೆಂಬರಿನಲ್ಲಿ ಕೆನಡಿಯ ಹೆಸರಿಡುವ ಮೊದಲು ಅಚ್ಚಾದದ್ದು. ಈರೋ ಸಾರಿನೆನ್ ವಿನ್ಯಾಸದ, ರೆಕ್ಕೆ ಬಿಚ್ಚಿದ ಹಕ್ಕಿಯಂಥ, ಟಿಡಬ್ಲ್ಯುಎ ವಿಮಾನ ಸಂಸ್ಥೆಯ ಟರ್ಮಿನಲ್ ಅದೇ ನಿಲ್ದಾಣದಲ್ಲಿ 1962ರಲ್ಲಿ ತೆರೆಯಿತು. ಅದೂ ಐಡಲ್‌ವೈಲ್ಡ್ ಹೆಸರೂ ಒಂದೇ ಕಾರ್ಡಿನಲ್ಲಿದ್ದರೆ ಕಾಲ ತೀರ ಕಿರಿದಾಗುತ್ತದೆ. ಕಾಮೆಟ್ ಜೆಟ್ ವಿಮಾನದ ಕಿಟಕಿಗಳು ಚೌಕವಾಗಿದ್ದರೆ ಅದು 1952ರಲ್ಲಿ ಸೇವೆಗೆ ಬಂದ ಮೊದಲ ಮಾದರಿ. ಅಪಘಾತಗಳಾಗಿ 1954ರಲ್ಲಿ ಅದು ನಿಂತುಹೋಯಿತು, 1958ರಲ್ಲಿ ಮರಳಿ ಬಂದ ಕಾಮೆಟ್‌ಗೆ ದುಂಡು ಕಿಟಕಿ. ಒಂದು ಕಿಟಕಿಯ ಮೂಲೆಯಿಂದ ಕಾರ್ಡಿನ ಕಾಲ ತಿಳಿಯುತ್ತದೆ!

ಕಿಟಕಿ ಎಂದ ಮೇಲೆ ಏರ್ ಇಂಡಿಯಾದ ಬೋಯಿಂಗ್ 747 ನೆನಪಾಗದಿರದು. 1971ರಲ್ಲಿ ಬಂದ 'ಎಂಪರರ್ ಅಶೋಕ'ದ ಪ್ರತಿಯೊಂದು ಕಿಟಕಿಯ ಸುತ್ತಲೂ ಕೆಂಪಿನಲ್ಲಿ ರಾಜಸ್ಥಾನದ ಅರಮನೆಗಳ ಚಾಚುಕಿಟಕಿ ಝರೋಕಾದ ಕಮಾನು ಬರೆದಿದ್ದರು, 'ಆಕಾಶದಲ್ಲಿ ನಿಮ್ಮ ಅರಮನೆ' ಎಂಬುದೇ ಅದರ ಪ್ರಚಾರದ ಮಾತು. ಆ ವಿಮಾನ 1978ರ ಜನವರಿ 1ರಂದು ಬಾಂದ್ರಾದ ಆಚೆ ಕಡಲಿಗೆ ಬಿದ್ದು ಒಳಗಿದ್ದ ಎಲ್ಲರೂ ತೀರಿಕೊಂಡರು. ಆ ಕಮಾನುಗಳ ಕಾರ್ಡನ್ನು ಹಿಡಿದಾಗ ನನಗೆ ಸುಮ್ಮನೆ ಚೆಂದ ಎಂದು ಹೇಳಿ ಇಟ್ಟುಬಿಡಲು ಆಗುವುದಿಲ್ಲ.

ನಿಲ್ದಾಣದ ಕಾರ್ಡುಗಳು ಹೆಚ್ಚಾಗಿ ಪ್ರಕಾಶಕರವೇ, ಇಶ್ಯೂ ಅಲ್ಲ. ಹಾಗೆಂದು ಅವನ್ನು ಕೀಳಾಗಿ ಕಾಣುವುದು ತಪ್ಪು. ಲಂಡನ್ನಿನ ಕ್ರಾಯ್ಡನ್ 1959ರಲ್ಲಿ, ಹಾಂಗ್‌ಕಾಂಗಿನ ಕೈ ಟಾಕ್ 1998ರಲ್ಲಿ, ಬರ್ಲಿನ್ನಿನ ಟೆಂಪಲ್‌ಹೋಫ್ 2008ರಲ್ಲಿ ಮುಚ್ಚಿದವು. ಅದೇ 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ತೆರೆದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ಪ್ರಯಾಣಿಕರ ವಿಮಾನಗಳು ಬರುವುದು ನಿಂತಿತು. ಬಂಧುಗಳನ್ನು ಕಳಿಸಿಕೊಡಲು ಹೋಗಿ ಅಲ್ಲಿ ನಿಂತು ಕೈಬೀಸಿದವರು ಈ ಊರಿನಲ್ಲಿ ಎಷ್ಟು ಮಂದಿ! ಹಳೆಯ ನಿಲ್ದಾಣದ ಒಂದು ಚಿತ್ರ ಅವರಿಗೆ ಏನೆಂದು ನಾನು ಹೇಳಬೇಕಿಲ್ಲ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಹಳೆಯ ಕಾರ್ಡಿನ ಚಿತ್ರವನ್ನೇ ಹೊಸದಾಗಿ ಅಚ್ಚು ಹಾಕಿ ಏರ್‌ಲೈನ್ ಇಶ್ಯೂ ಎಂದು ಮಾರುವವರಿದ್ದಾರೆ. ಒಮ್ಮೆ ನನಗೂ ಹಾಗೆ ಒಂದು ಬಂತು. ಕಾಗದ ಅತಿ ಬಿಳುಪು, ಬೆನ್ನು ಪೂರ್ತಿ ಖಾಲಿ, ಭೂತಗನ್ನಡಿ ಹಿಡಿದರೆ ಸಣ್ಣ ಅಕ್ಷರಗಳ ಅಂಚು ಕಲಸಿಹೋಗಿತ್ತು. ಮೂಲ ಕಾರ್ಡಿನ ಫೋಟೋ ತೆಗೆದು ಮತ್ತೆ ಅಚ್ಚು ಹಾಕಿದಾಗ ಅಕ್ಷರ ಹಾಗೆ ಮಂಜಾಗುತ್ತದೆ. ಕೂಡಿಟ್ಟದ್ದನ್ನು ಪಿವಿಸಿ ಹಾಳೆಯ ಆಲ್ಬಮ್ಮಿನಲ್ಲಿ ಇಡಬೇಡಿ, ವರ್ಷ ಕಳೆದಂತೆ ಆ ಪ್ಲಾಸ್ಟಿಕ್ಕು ಜಿಗುಟಾಗಿ ಚಿತ್ರವನ್ನು ಹಿಡಿದುಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಹೊದಿಕೆ ಒಳ್ಳೆಯದು. ಕರಾವಳಿ, ಮಲೆನಾಡಿನವರಾದರೆ ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವೂ ಬೇಕು.

ಇನ್ನು ಚೀಟಿಯ ಮಾತು. ನಮ್ಮ ಮನೆಗಳಲ್ಲಿ ವಿದೇಶದ ಕಾರ್ಡು ಬಂದರೆ ಮಕ್ಕಳು ಮೊದಲು ಮಾಡುತ್ತಿದ್ದ ಕೆಲಸ ಚೀಟಿಯನ್ನು ನೀರಿಗೆ ಹಾಕಿ ಬಿಡಿಸುವುದು, ಇಲ್ಲವೇ ಆ ಮೂಲೆಯನ್ನೇ ಕತ್ತರಿಸುವುದು. ನಮ್ಮ ದೊಡ್ಡಪ್ಪ ಕಳಿಸಿದ್ದ ಕಾರ್ಡಿಗೂ ಹಾಗೇ ಆಯಿತು. ಚಿತ್ರದಲ್ಲಿ ಬೋಯಿಂಗ್ 707 ಇದೆ, ಬೆನ್ನಲ್ಲಿ ಏರ್ ಇಂಡಿಯಾದ ಲಾಂಛನದ ಮಹಾರಾಜ ಕೈಮುಗಿದು ನಿಂತಿದ್ದಾನೆ, ನಾಲ್ಕು ಸಾಲು ಕನ್ನಡವಿದೆ. ಮುದ್ರೆಯ ಜಾಗದಲ್ಲಿ ಮಾತ್ರ ಕತ್ತರಿ ಆಡಿದೆ. ಯಾವ ಊರಿನಲ್ಲಿ ಅದು ಅಂಚೆಗೆ ಬಿತ್ತು ಎಂದು ತಿಳಿಯಲು ಈಗ ಉಳಿದಿರುವುದು ಅವರ ಕೈಬರಹದ ಒಂದೇ ಸಾಲು: "ಕೆಳಗೆ ಬರೀ ಹಿಮ ಕಾಣ್ತಾ ಇದೆ, ಇನ್ನು ಅರ್ಧ ಗಂಟೆಯಲ್ಲಿ ಇಳೀತೀವಂತೆ."