ಕಲ್ಲಿನ ರಥದ ಗೋಪುರ ಮತ್ತು ‘ಫೋಟೋ ತೆಗೆಯಬಾರದು’ ಬೋರ್ಡು

ಹಂಪಿಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮೇಲೆ ಒಂದು ಕಾಲದಲ್ಲಿ ಇಟ್ಟಿಗೆ, ಗಾರೆಯ ಗೋಪುರ ಇತ್ತು. ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿರುವ ರಥದಲ್ಲಿ ಅದು ಕಾಣುವುದಿಲ್ಲ. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಅದನ್ನು ಇಳಿಸಿಬಿಟ್ಟಿದ್ದರು. ಆ ಗೋಪುರ ಹೇಗಿತ್ತು ಅಂತ ಇವತ್ತು ನಮಗೆ ಗೊತ್ತಿರುವುದು ಮುಖ್ಯವಾಗಿ ಹಳೆಯ ಫೋಟೋಗಳಿಂದ. ಅವುಗಳಲ್ಲಿ ಬಲು ಮುಖ್ಯವಾದದ್ದು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಈಸ್ಟ್ ಇಂಡಿಯಾ ಕಂಪನಿ ಸೇನೆಯ ಅಧಿಕಾರಿ ತೆಗೆದದ್ದು.

ದೇವಸ್ಥಾನದಲ್ಲಿ ಕ್ಯಾಮೆರಾ ಇರಬೇಕೋ ಬೇಡವೋ ಅನ್ನುವ ಜಗಳ ಈಗ ಜೋರಾಗಿದೆ. ಆದರೆ ನಮ್ಮ ಗುಡಿಗಳ ಜೊತೆ ಕ್ಯಾಮೆರಾದ ನಂಟು ಎಷ್ಟು ಹಳೆಯದು ಅನ್ನುವುದು ಆ ಜಗಳದಲ್ಲಿ ಮರೆತೇ ಹೋಗಿದೆ.

1854ರ ಕೊನೆಯಲ್ಲಿ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ಮೈಸೂರು ಸೀಮೆಯಲ್ಲಿ ಓಡಾಡಿ ಬೇಲೂರು, ಹಳೇಬೀಡಿನ ಚಿತ್ರಗಳನ್ನು ತೆಗೆದರು. ಮರುವರ್ಷ ಅವು ಮದರಾಸಿನ ಪ್ರದರ್ಶನದಲ್ಲಿ ಜನರ ಕಣ್ಣಿಗೆ ಬಿದ್ದವು. ಅದುವರೆಗೆ ಕಂಪನಿ ಸರ್ಕಾರ ಕಟ್ಟಡಗಳ ದಾಖಲೆಗೆ ಚಿತ್ರಕಾರರನ್ನು ನೆಚ್ಚಿಕೊಂಡಿತ್ತು. ಕೈಯಲ್ಲಿ ಬರೆಯುವುದಕ್ಕೆ ಸಮಯವೂ ಜಾಸ್ತಿ, ಖರ್ಚೂ ಜಾಸ್ತಿ. ಹಾಗಾಗಿ ಅದೇ ಹೊತ್ತಿಗೆ ಬೊಂಬಾಯಿ ಸರ್ಕಾರ ಥಾಮಸ್ ಬಿಗ್ಸ್ ಅವರನ್ನು ಫೋಟೋ ಕೆಲಸಕ್ಕೆಂದೇ ನೇಮಿಸಿತು. ಅವರ ನಂತರ ಆ ಕೆಲಸ ಡಾಕ್ಟರ್ ಪಿಗೂ ಅವರಿಗೆ ಬಂತು. ಈ ಇಬ್ಬರು ಮತ್ತು ನೀಲ್ ಎಂಬ ಇನ್ನೊಬ್ಬರು ತೆಗೆದ ಧಾರವಾಡ, ಮೈಸೂರು ಸೀಮೆಗಳ ಗುಡಿಗಳ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಪುಸ್ತಕವಾಗಿ ಬಂದವು. ಅದರ ಇತಿಹಾಸದ ಭಾಗ ಬರೆದವರು ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್. ಹೊಯ್ಸಳ ಶಿಲ್ಪದ ಸೊಗಸನ್ನು ಯುರೋಪಿನ ಓದುಗರು ಕಂಡದ್ದು ಇಂಥ ಚಿತ್ರಗಳಲ್ಲೇ.

ಅಂದಿನ ಕೆಲಸ ಸುಲಭದ್ದಲ್ಲ. ಗ್ರೀನ್‌ಲಾ ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಒಂದೊಂದೂ ಸುಮಾರು ಒಂದೂವರೆ ಅಡಿ ಅಗಲ. ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕು. ಆ ಹೊತ್ತಿನಲ್ಲಿ ಯಾರಾದರೂ ಎದುರಿಗೆ ನಡೆದು ಹೋದರೆ ಅವರ ಗುರುತೇ ಮೂಡುವುದಿಲ್ಲ. ಹಂಪಿಯ ಹಳೆಯ ಫೋಟೋಗಳಲ್ಲಿ ಊರೇ ಖಾಲಿ ಎನ್ನುವ ಹಾಗೆ ಕಾಣುವುದಕ್ಕೆ ಇದೂ ಒಂದು ಕಾರಣ. ಅದನ್ನು ನೋಡಿ ಹಂಪಿ ಪಾಳುಬಿದ್ದ ಊರು ಅಂತ ತೀರ್ಮಾನಿಸಬಾರದು. ವಿರೂಪಾಕ್ಷನಿಗೆ ಆಗಲೂ ಪೂಜೆ ನಡೆಯುತ್ತಿತ್ತು.

ಈ ನೆಗೆಟಿವ್‌ಗಳು ಎಷ್ಟೋ ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದಿದ್ದವು. ಬೆಳಕಿಗೆ ಬಂದದ್ದು 1980ರ ಹೊತ್ತಿಗೆ. ಹಂಪಿಯಲ್ಲಿ ಸಂಶೋಧನೆ ನಡೆಸುತ್ತಿದ್ದ ಜಾರ್ಜ್ ಮಿಶೆಲ್ ಅವರ ಬಳಗದ ಜೊತೆ ಸೇರಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿದರು. ಅಲ್ಲೇ ಕ್ಯಾಮೆರಾ ಇಟ್ಟು ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನೂರಿಪ್ಪತ್ತೇಳು ವರ್ಷಗಳಲ್ಲಿ ಏನು ಬಿತ್ತು, ಏನು ಉಳಿಯಿತು, ಯಾವುದನ್ನು ರಿಪೇರಿ ಹೆಸರಲ್ಲಿ ಬದಲಾಯಿಸಿದರು ಎಲ್ಲವೂ ತಿಳಿಯುತ್ತದೆ. ಸ್ಮಾರಕದ ಆರೋಗ್ಯ ತಿಳಿಯಲು ಇದಕ್ಕಿಂತ ಒಳ್ಳೆಯ ದಾಖಲೆ ಬೇಕಾ?

ಹಾಗಾದರೆ ಕ್ಯಾಮೆರಾ ಬೇಡ ಎನ್ನುವ ಬೋರ್ಡು ಬಂದದ್ದು ಎಲ್ಲಿಂದ? ಅದಕ್ಕೆ ಒಂದೇ ಮೂಲ ಇಲ್ಲ. ಗೊಂದಲ ಶುರುವಾಗುವುದೇ ಅಲ್ಲಿ.

ಒಂದು, ಪೂಜೆ. ಗರ್ಭಗುಡಿಯ ದೇವರನ್ನು ಭಕ್ತರು ಎದುರಿಗೆ ನಿಂತು ನೋಡಬೇಕು, ಚಿತ್ರ ಮಾಡಿ ಒಯ್ಯಬಾರದು ಎನ್ನುವ ನಂಬಿಕೆ. ಇದನ್ನು ಪ್ರಶ್ನಿಸುವ ಹಕ್ಕು ಪ್ರವಾಸಿಗೆ ಇಲ್ಲ ಅಂತಲೇ ನನ್ನ ಅಭಿಪ್ರಾಯ. ಅದು ಪೂಜಿಸುವವರ ಮನೆ ಮಾತು.

ಇನ್ನೊಂದು, ಹಾನಿ. ವಿರೂಪಾಕ್ಷ ಗುಡಿಯ ರಂಗಮಂಟಪದ ಚಾವಣಿಯಲ್ಲಿರುವಂಥ ಹಳೆಯ ಬಣ್ಣದ ಚಿತ್ರಗಳನ್ನು ಬೆಳಕು ಸ್ವಲ್ಪ ಸ್ವಲ್ಪವಾಗಿ ಮಂಕು ಮಾಡುತ್ತದೆ. ಅದಕ್ಕೇ ಫ್ಲಾಶ್ ಬೇಡ ಎನ್ನುತ್ತಾರೆ. ಫ್ಲಾಶ್ ಇಲ್ಲದೆ ತೆಗೆದರೆ ಬಣ್ಣಕ್ಕೆ ತೊಂದರೆ ಇಲ್ಲ. ಬಯಲಲ್ಲಿ ಬಿಸಿಲು ಮಳೆ ತಿಂದು ನಿಂತ ಕಲ್ಲಿಗಂತೂ ಫೋಟೋದಿಂದ ಏನೂ ಆಗುವುದಿಲ್ಲ.

ಮೂರನೆಯದು ಸರ್ಕಾರಿ ನಿಯಮ. ಪುರಾತತ್ವ ಇಲಾಖೆಯ ಕೈಯಲ್ಲಿರುವ ಸ್ಮಾರಕಗಳಿಗೆ 1958ರ ಕಾಯ್ದೆ, 1959ರ ನಿಯಮಗಳು ಅನ್ವಯಿಸುತ್ತವೆ. ಕೈಯಲ್ಲಿ ಹಿಡಿದ ಕ್ಯಾಮೆರಾಗೆ ಸಡಿಲ, ಸ್ಟ್ಯಾಂಡ್ ಹಾಕಿದರೆ ಅನುಮತಿ ಬೇಕು. ಎಷ್ಟೋ ಕಡೆ ಒಳಗೆ ಫೋಟೋ ತೆಗೆಯುವುದಕ್ಕೇ ಅಡ್ಡಿ ಇತ್ತು. 2018ರ ಜುಲೈನಲ್ಲಿ ಇಲಾಖೆಯ ಹೊಸ ಕಚೇರಿ ಉದ್ಘಾಟನೆಗೆ ಬಂದ ಪ್ರಧಾನಿ ಈ ನಿಷೇಧವನ್ನೇ ಪ್ರಶ್ನಿಸಿದರು. ಕೂಡಲೇ ಆದೇಶ ಬದಲಾಯಿತು. ಅಜಂತಾ ಗುಹೆಗಳು, ಲೇಹ್ ಅರಮನೆ, ತಾಜ್ ಮಹಲಿನ ಸಮಾಧಿ ಕೋಣೆ ಬಿಟ್ಟು ಉಳಿದೆಡೆ ಫೋಟೋಗೆ ಅವಕಾಶ ಸಿಕ್ಕಿತು.

ಆದರೆ ಅಷ್ಟರಲ್ಲಿ ಎಲ್ಲರ ಜೇಬಿಗೂ ಮೊಬೈಲ್ ಬಂದಿತ್ತು. ದೇವರಿಗೆ ಬೆನ್ನು ಹಾಕಿ ನಿಂತು ತನ್ನದೇ ಮುಖ ತೆಗೆದುಕೊಳ್ಳುವವರು, ಪ್ರಾಂಗಣದಲ್ಲಿ ಹಾಡಿಗೆ ಕುಣಿಯುವವರು ಜಾಸ್ತಿಯಾದರು. 2022ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ತಮಿಳುನಾಡಿನ ದೇವಸ್ಥಾನಗಳಲ್ಲಿ ಮೊಬೈಲ್ ನಿಷೇಧಿಸಲು ಹೇಳಿತು. 2023ರ ಜುಲೈನಲ್ಲಿ ಕೇದಾರನಾಥದ ಗುಡಿಯೊಳಗೆ ಫೋಟೋ, ವಿಡಿಯೋ ನಿಂತವು. ಅದೇ ತಿಂಗಳು ನಮ್ಮ ಮುಜರಾಯಿ ಇಲಾಖೆಯೂ ತನ್ನ ದೇವಸ್ಥಾನಗಳೊಳಗೆ ಮೊಬೈಲ್ ಬಳಸಬಾರದು ಎಂದು ಆದೇಶಿಸಿತು. ಭಕ್ತರ ಸಿಟ್ಟು ನ್ಯಾಯವಾದದ್ದೇ. ಮಂಗಳಾರತಿ ಹೊತ್ತಿನಲ್ಲಿ ಮುಂದೆ ಎತ್ತಿದ ಹತ್ತಾರು ಮೊಬೈಲ್ ಅಡ್ಡ ಬಂದರೆ ಹಿಂದೆ ನಿಂತ ಅಜ್ಜಿಗೆ ಕಾಣುವುದೇನು?

ಕ್ಯಾಮೆರಾ ಮುಂದಿದೆ ಅಂತ ಮನುಷ್ಯ ಏನು ಬೇಕಾದರೂ ಮಾಡುತ್ತಾನೆ ಅನ್ನುವುದಕ್ಕೂ ಹಂಪಿಯೇ ಸಾಕ್ಷಿ. 2019ರ ಫೆಬ್ರವರಿಯಲ್ಲಿ ಯುವಕರು ಅಲ್ಲಿನ ಕಂಬವೊಂದನ್ನು ತಳ್ಳಿ ಉರುಳಿಸುವ ವಿಡಿಯೋ ಹರಿದಾಡಿತು. ನಾಲ್ವರು ಸಿಕ್ಕಿಬಿದ್ದರು. ತಲಾ 70,000 ರೂಪಾಯಿ ದಂಡ ಬಿತ್ತು. ಕಂಬವನ್ನು ಅವರಿಂದಲೇ ಮತ್ತೆ ನಿಲ್ಲಿಸಿದರು. ಆ ವಿಡಿಯೋ ಇರದಿದ್ದರೆ ಅವರು ಯಾರಂತ ತಿಳಿಯುತ್ತಲೂ ಇರಲಿಲ್ಲ.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ಬೋರ್ಡು ಹಾಕುವವರು ಕಾರಣವನ್ನೂ ಬರೆಯಲಿ. ಗರ್ಭಗುಡಿಯ ಮುಂದೆ ಬೇಡ, ಪೂಜೆ ಇದೆ. ಚಾವಣಿಯ ಚಿತ್ರಕ್ಕೆ ಫ್ಲಾಶ್ ಬೇಡ, ಬಣ್ಣ ಹೋಗುತ್ತದೆ. ಹೊರಗಿನ ಗೋಡೆ, ಶಾಸನ, ಕಂಬಗಳನ್ನು ಧಾರಾಳವಾಗಿ ತೆಗೆಯಿರಿ. ಪೂಜೆ ನಿಂತಿರುವ ಸೋಮನಾಥಪುರಕ್ಕೂ ಜನ ತುಂಬಿದ ಬೇಲೂರಿಗೂ ಒಂದೇ ಅಳತೆ ಸರಿಹೋಗುವುದಿಲ್ಲ, ಅಲ್ವಾ?

ಇನ್ನೂ ಒಂದು ಕೆಲಸ ಬಾಕಿ ಇದೆ. ಗಾಲಿಂಗ್ಸ್ ತೆಗೆದ ಚಿತ್ರಗಳಿಗೂ ಈಗ ನಲವತ್ತು ವರ್ಷ ದಾಟಿತು. ಆಮೇಲೆ ಹಂಪಿ ಬಜಾರಿನ ಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು ತೆರವು ಮಾಡಿದರು. ಕಲ್ಲಿನ ರಥದ ಸುತ್ತ ತಡೆ ಬಂತು. ಗ್ರೀನ್‌ಲಾ ನಿಂತ ಅದೇ ಜಾಗಗಳಿಂದ ಮೂರನೇ ಸಲ ಫೋಟೋ ತೆಗೆಯುವ ಹೊತ್ತು ಬಂದಿದೆ. ಅದಕ್ಕೆ ಸ್ಟ್ಯಾಂಡ್ ಬೇಕು, ಸ್ಟ್ಯಾಂಡಿಗೆ ಅನುಮತಿ ಬೇಕು. ಕನ್ನಡ ವಿಶ್ವವಿದ್ಯಾಲಯ ಹಂಪಿಯ ಪಕ್ಕದಲ್ಲೇ ಇದೆ. ಅಲ್ಲಿನ ವಿದ್ಯಾರ್ಥಿಗಳು ಅರ್ಜಿ ಹಾಕಲಿ, ಪುರಾತತ್ವ ಇಲಾಖೆ ತಡ ಮಾಡದೆ ಒಪ್ಪಿಗೆ ಕೊಡಲಿ.